ಕೊತ್ವಾಲನಿಗೊಬ್ಬ ಕಾವಲುಗಾರ

ಮುದನಾಳದಲ್ಲಿ ನಾಯಿ ಮನೆ ಕಾಯುತ್ತದೆ. ಆ ನಾಯಿಯನ್ನು ಕಾಯಲಿಕ್ಕೆ ಪಗಾರ ಕೊಟ್ಟು ಒಬ್ಬ ಮನುಷ್ಯನನ್ನು ಇಡುವುದೆಂದರೆ, ಊರಿನ ಲೆಕ್ಕದಲ್ಲಿ, ಪಿಂಚಣಿ ಹೆಚ್ಚಾದವರಿಗೆ ಬರುವ ರೋಗ. ಹಾಗಂತ ನನ್ನ ಮುಖಕ್ಕೆ ಯಾರೂ ಹೇಳಲಿಲ್ಲ. ಕಟ್ಟೆಯ ಮೇಲೆ ಕೂತವರು ನಾನು ದಾಟುವ ತನಕ ಗಂಭೀರವಾಗಿದ್ದು, ದಾಟಿದ ಮೇಲೆ ನಕ್ಕರು. ಒಬ್ಬರು ಮಾತ್ರ ತಡೆಯಲಾರದೆ ಕೇಳಿಯೇಬಿಟ್ಟರು: “ಮಾಸ್ತರ, ನಾಯಿ ಕಾಯಾವನ್ನ ಕಾಯ್ಲಾಕ ಮತ್ತೊಬ್ಬನ್ನ ಇಡ್ತೀರೇನು?”

ಸಂಗತಿ ಇಷ್ಟೇ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕು ಎಂಬುದು ನಮ್ಮಲ್ಲಿ ರೂಢಿ. ಆದರೆ ಮಗಳ ದಿನ ತುಂಬುವುದು ಯಾದಗಿರಿಯಲ್ಲಿ ಪಾರಾ 42 ದಾಟುವ ಕಾಲಕ್ಕೆ. ಅಳಿಯ ಬೆಂಗಳೂರಿನಲ್ಲೇ ಆಸ್ಪತ್ರೆ ಗೊತ್ತು ಮಾಡಿದ. ಹೀಗಾಗಿ ತವರೇ ಗಂಟುಮೂಟೆ ಕಟ್ಟಿ ರೈಲು ಹತ್ತಬೇಕಾಯಿತು, ಬಾಣಂತನ ಮುಗಿಯುವ ತನಕ. ಉಳಿದದ್ದು ಕೊತ್ವಾಲನ ಪ್ರಶ್ನೆ.

ಕೊತ್ವಾಲ ಅಂದರೆ ನಿಜಾಮರ ಕಾಲದ ಹೈದರಾಬಾದಿನಲ್ಲಿ ಪೊಲೀಸರ ಮೇಲಧಿಕಾರಿ. ನಮ್ಮ ಸೀಮೆ 1948ರವರೆಗೆ ಆ ಸಂಸ್ಥಾನಕ್ಕೇ ಸೇರಿತ್ತಾದ್ದರಿಂದ, ಇತಿಹಾಸದ ಮಾಸ್ತರನಾದ ನಾನು ನಾಯಿಗೆ ಆ ಹೆಸರಿಟ್ಟೆ. ಹೆಸರಿನ ಗುಣವೋ ಏನೋ, ಅವನು ಅಂಚೆಯವನಿಗೆ ಬೊಗಳುತ್ತಾನೆ, ಸಿಲಿಂಡರ್ ತಂದವನಿಗೆ ಬೊಗಳುತ್ತಾನೆ, ಗೋಡೆ ಹಾರುವ ಹುಡುಗರನ್ನು ಕಂಡರೆ ಬಾಲ ಅಲ್ಲಾಡಿಸುತ್ತಾನೆ.

ಜೊತೆಗೆ ಒಯ್ಯೋಣವೆಂದರೆ ರೈಲ್ವೆಯವರ ನಿಯಮ ಅಡ್ಡ. ಫಸ್ಟ್ ಎಸಿಯಲ್ಲಿ ಇಡೀ ಕೂಪೆಯೇ ನಮ್ಮದಾಗಿರಬೇಕು, ಇಲ್ಲವಾದರೆ ನಾಯಿ ಗಾರ್ಡ್ ಡಬ್ಬಿಯ ಪೆಟ್ಟಿಗೆಯಲ್ಲಿ ಹೋಗಬೇಕು. ಫಸ್ಟ್ ಎಸಿಯನ್ನು ನಾನು ಕಂಡದ್ದು ಪ್ಲಾಟ್‌ಫಾರ್ಮಿನಿಂದ. ಪೆಟ್ಟಿಗೆಯ ಮಾತೆತ್ತಿದ ಕೂಡಲೇ ಹೆಂಡತಿ, “ಪೆಟ್ಟಿಗ್ಯಾಗ ನೀವು ಹೋಗ್ರಿ. ನಿಮ್ಮ ಸೀಟಿನ್ಯಾಗ ಅವ ಬರ್ತಾನ” ಅಂದಳು. ಆ ಧಾಟಿ ನೋಡಿದರೆ ತಮಾಷೆ ಅನ್ನಿಸಲಿಲ್ಲ.

‘ಪೆಟ್ ಸಿಟ್ಟರ್’ ಎಂಬ ಜಾತಿಯ ಸುದ್ದಿ ತಂದವಳು ಮಗಳೇ. ಬೆಂಗಳೂರಿನಲ್ಲಿ ಮಾಲೀಕರು ಊರಿಗೆ ಹೋದರೆ ಒಬ್ಬರು ಮನೆಗೇ ಬಂದು ನಾಯಿಯ ಜೊತೆ ಇರುತ್ತಾರಂತೆ, ಊಟ ಹಾಕಿ ವಾಕಿಂಗ್ ಮಾಡಿಸಿ ಫೋಟೋ ಕಳಿಸುತ್ತಾರಂತೆ. ಅವಳು ಹೇಳಿದ ಒಂದು ದಿನದ ದರ ನಮ್ಮ ಕಡೆ ಹತ್ತಿ ಬಿಡಿಸುವ ಆಳಿನ ದಿನಗೂಲಿಯನ್ನು ಮೀರಿಸಿತ್ತು. ನನಗೆ ಎದೆ ಹಿಡಿದಂತಾಯಿತು. ಹೆಂಡತಿಗೆ ದಾರಿ ಕಂಡಂತಾಯಿತು.

ಶೋಧ ಶುರುವಾಯಿತು. ತಮ್ಮನ ಮಗ ಮೊದಲು ಕೇಳಿದ್ದು, “ವೈಫೈ ಅದ ಏನ್ರಿ ಕಾಕಾ?” ಎರಡನೆಯದು ಕೇಳುವ ಮೊದಲೇ ಅವನನ್ನು ಕಳಿಸಿದೆ. ಶಹಾಪುರದ ಷಡ್ಡಕರು ಫೋನಿನಲ್ಲಿ ಉಪಾಯ ಹೇಳಿದರು: “ಭೀಮಾ ಸೇತುವೆ ಆಚಿ ಬಿಟ್ಟು ಬರ್ರಿ. ಬುದ್ಧಿ ಇದ್ರ ತಾನೇ ಬರ್ತದ.” ಇಂಥವರೇ ಪ್ರವಚನದಲ್ಲಿ ಮುಂದಿನ ಸಾಲಿಗೆ ಕೂತು, ದಯೆ ಎಂಬ ಮಾತು ಬಂದಾಗಲೆಲ್ಲ ಎಲ್ಲರಿಗಿಂತ ಮೊದಲು ತಲೆದೂಗುತ್ತಾರೆ. ಅವರ ಫೋನಿಗೆ ನಾನು ಇವತ್ತಿಗೂ ಮೂರನೇ ರಿಂಗಿನ ಮೇಲೆಯೇ ಉತ್ತರ ಕೊಡುವುದು.

ಕಡೆಗೆ ಒಪ್ಪಿದವನು ಕೆಳಗಿನ ಓಣಿಯ ಮುತ್ಯಾ. ಒಬ್ಬನೇ ಇರುವ ಜೀವ. ಮೈಲಾಪುರದ ಮಲ್ಲಯ್ಯನ ಒಕ್ಕಲು, ಹರಕೆ ಹೊತ್ತ ವಗ್ಗಯ್ಯ. ಊರೆಲ್ಲರಿಗೆ ಬೊಗಳುವ ಕೊತ್ವಾಲ ಮುತ್ಯಾನನ್ನು ಕಂಡರೆ ಮಾತ್ರ ಬೆನ್ನ ಮೇಲೆ ಹೊರಳಿ ಹೊಟ್ಟೆ ತೋರಿಸುತ್ತಿದ್ದ. ಪಗಾರ ಎಷ್ಟು ಬೇಕೆಂದು ಕೇಳಿದೆ.

“ಪಗಾರ ಯಾಕ್ರಿ ಮಾಸ್ತರ? ಪಾಲಿಗಿ ಹಾಕ್ರಿ.”

ನಮ್ಮ ಕಡೆ ಆಡು, ಕುರಿ, ಎಮ್ಮೆಗಳನ್ನು ಪಾಲಿಗೆ ಕೊಡುವುದುಂಟು. ಜೀವ ಒಡೆಯನದು, ಮೇಯಿಸುವ ಕಷ್ಟ ಸಾಕುವವನದು, ಹುಟ್ಟಿದ ಮರಿಗಳಲ್ಲಿ ಅರ್ಧರ್ಧ. “ಮುತ್ಯಾ, ಕೊತ್ವಾಲ ಗಂಡು” ಅಂದೆ. “ಇರ್ಲಿ ಬಿಡ್ರಿ. ಓಣ್ಯಾಗ ಹೆಣ್ಣಿಲ್ಲೇನು?” ಅಂದ. ನಕ್ಕು ಆಗಲಿ ಅಂದೆ. ಅದರ ಮೇಲೆ ತಿಂಗಳ ಪಗಾರ, ಜೋಳ, ಚಾಪುಡಿ, ನಮ್ಮ ಪಡಸಾಲೆಯಲ್ಲಿ ಫ್ಯಾನಿನ ಕೆಳಗೆ ಹಾಸಿಗೆ. ಹೆಂಡತಿ ಎರಡೂ ಮಗ್ಗುಲು ತುಂಬಿಸಿ ಬರೆದ ಸೂಚನೆಗಳ ಹಾಳೆಯನ್ನು, ಓದು ಬಾರದ ಮುತ್ಯಾ ಕಣ್ಣಿಗೊತ್ತಿಕೊಂಡು ರುಮಾಲಿನಲ್ಲಿ ಸಿಕ್ಕಿಸಿಕೊಂಡ. ಬೆಂಗಳೂರಿನಲ್ಲಿ ವಾಚ್‌ಮನ್ ಆಗಿರುವ ಮಗನಿಗೆ ಕೊಡಲು ಒಂದು ಗಂಟು ಕೊಟ್ಟ. ಉದ್ಯಾನ ಎಕ್ಸ್‌ಪ್ರೆಸ್ ಹತ್ತಿದೆವು. ಹೆರಿಗೆ ಸುಸೂತ್ರವಾಯಿತು, ಮೊಮ್ಮಗಳು ಬಂದಳು.

ಇನ್ನು ಬೊಗಳುವ ವಿಷಯ.

ಮುತ್ಯಾನದು ಬಟನ್ ಫೋನು, ಮಾರಿ ಕಾಣಿಸುವುದಿಲ್ಲ. ಹೀಗಾಗಿ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಹೆಂಡತಿ ಫೋನು ಹಚ್ಚಿ, “ಕೊತ್ವಾಲನ ಕಿವಿಗಿ ಹಿಡೀರಿ ಮುತ್ಯಾ” ಅನ್ನುವಳು. ಹಿಡಿದ ಮೇಲೆ ಅವನೊಂದಿಗೆ ಸುಖದುಃಖ. ಕಡೆಗೆ, “ಒಂದ್ ಸಲ ಬೊಗಳಸ್ರಿ.” ಮೊದಲ ಸಂಜೆ ಆ ಕಡೆಯಿಂದ ಬರೀ ಮೌನ. ಇವಳು ಊಟ ಬಿಟ್ಟಳು. ಮರುದಿನ ಮೂಗು ಒರೆಸಿಕೊಳ್ಳುತ್ತಲೇ ಬೇಡಿಕೊಂಡಳು. ಒಂದು ಕ್ಷಣ ಬಿಟ್ಟು ಬಂತು ನೋಡಿ: ಹೊಕ್ಕುಳಿನಿಂದ ಎದ್ದ, ದುಂಡನೆಯ, ಗಂಭೀರವಾದ ಮೂರು ಬೊಗಳು, ಕೊನೆಗೊಂದು ಉದ್ದನೆಯ ಊಳು. ತೊಟ್ಟಿಲ ಕೂಸು ಬೆಚ್ಚಿತು. ಪಕ್ಕದ ಕೋಣೆಯಲ್ಲಿ ಅಮೆರಿಕದವರ ಜೊತೆ ಮೀಟಿಂಗಿನಲ್ಲಿದ್ದ ಅಳಿಯನನ್ನು ಅವರು, ಯಾವ ತಳಿ ಅಂತ ಕೇಳಿದರಂತೆ. ಮುಧೋಳ ಅಂದನಂತೆ. ಅಮೆರಿಕದವರಿಗೆ ಮುಧೋಳವೇನು, ಮುದನಾಳವೇನು.

ಅಲ್ಲಿಂದ ಸಂಜೆಯ ಬೊಗಳು ಮನೆಯ ಕಾರ್ಯಕ್ರಮವಾಯಿತು. ಸ್ಪೀಕರ್ ಹಾಕಿ ಎಲ್ಲರೂ ಕೂಡುವುದು, ಮುಗಿದ ಮೇಲೆ ಹೆಂಡತಿಯ ವ್ಯಾಖ್ಯಾನ. ಇವತ್ತಿನದು ಹಸಿವಿನ ಬೊಗಳು. ಇವತ್ತಿನದು ನನ್ನ ನೆನಪಿನದು. ಇವತ್ತು ಸಿಟ್ಟಿನ್ಯಾಗಿದ್ದಾನ, ನಿಮ್ಮ ಮ್ಯಾಲ. ಒಂದು ಸಂಜೆ ದನಿ ಕರಕರ ಅಂತು. “ಗಂಟಲ ಕಟ್ಟೇದ!” ಎಂದು ಚೀರಿದವಳೇ, ಬಿಸಿ ಹಾಲಿಗೆ ಅರಿಶಿನ, ಬೆಲ್ಲ ಹಾಕಿ ರಾತ್ರಿ ಕುಡಿಸಲು ಮುತ್ಯಾನಿಗೆ ಅಪ್ಪಣೆ ಮಾಡಿದಳು. “ಒಂದು ವಾಟಗಾ ಸಾಕೇನ್ರಿ ತಾಯಿ, ಎರಡು ಬೇಕೇನು?” ಎಂದು ಮುತ್ಯಾ ಬಹಳ ಕಳಕಳಿಯಿಂದ ಕೇಳಿದ. ಎರಡು ಅಂದಳು. ನಾಲ್ಕನೆಯ ದಿನಕ್ಕೆ ಬೊಗಳು ಗಂಟೆ ಹೊಡೆದಂತೆ ಸ್ವಚ್ಛವಾಯಿತು. ಮನೆಮದ್ದಿನ ಮಹಿಮೆಯನ್ನು ಇವಳು ಇಡೀ ಅಪಾರ್ಟ್‌ಮೆಂಟಿಗೆ ಸಾರಿ ಬಂದಳು.

ನನಗೆ ಮಾತ್ರ ಒಳಗೊಳಗೇ ಅನುಮಾನ. ಕೊತ್ವಾಲ ಬೊಗಳಲು ಶುರುಮಾಡಿದರೆ ಎಲ್ಲಿ ನಿಲ್ಲಿಸಬೇಕೆಂಬುದು ಅವನಿಗೇ ತಿಳಿಯದು. ಈ ಬೊಗಳಿಗೆ ಲಯವಿತ್ತು, ಮುಕ್ತಾಯವಿತ್ತು, ಮುಗಿದ ಮೇಲೆ ಭಿಕ್ಷೆಗೆ ಕಾಯುವಂಥ ಒಂದು ವಿರಾಮವಿತ್ತು. ಹೇಳಿದರೆ ಯಾರು ನಂಬುತ್ತಾರೆ ಎಂದು ಸುಮ್ಮನಿದ್ದೆ. ಸುಮ್ಮನಿದ್ದದ್ದಷ್ಟೇ ಅಲ್ಲ, ಸಂಜೆಯಾದರೆ ನಾನೇ ಮೊದಲು ಸೋಫಾದ ಮೇಲೆ ಜಾಗ ಹಿಡಿಯುತ್ತಿದ್ದೆ.

ಒಂದು ಸಂಜೆ ಬೊಗಳು ಮಧ್ಯದಲ್ಲಿದ್ದಾಗಲೇ ಹಿಂದಿನಿಂದ ಇನ್ನೊಂದು ನಾಯಿ ರೋಷದಿಂದ ಬೊಗಳಿತು. ಹೆಂಡತಿ ಗಾಬರಿಯಾದಳು. “ಮುತ್ಯಾ! ಎರಡನೇ ನಾಯಿ ಯಾವುದದು? ಕೊತ್ವಾಲನ ಮ್ಯಾಲ ಬಂತೇನು?”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಮುತ್ಯಾನ ದನಿ: “ಎರಡನೇದು ಕೊತ್ವಾಲ್ರಿ ತಾಯಿ. ಮೊದಲ್ನೇದು ನಾ.”

ಮಗಳು ಹೊಲಿಗೆ ಬಿಚ್ಚೀತೆಂದು ಹೊಟ್ಟೆ ಹಿಡಿದುಕೊಂಡಳು. ಮುತ್ಯಾನಿಗೆ ಮಾತ್ರ ಸಂಕೋಚದ ಸುಳಿವಿಲ್ಲ. “ಅವ ಫೋನ್ ಕಂಡ್ರ ಮಾರಿ ತಿರುವ್ತಾನ್ರಿ. ನೀವು ಅಳ್ತೀರಿ. ಮಲ್ಲಯ್ಯನ ಮುಂದ ಬೊಗಳೋ ಬಾಯಿ, ನಿಮ್ಮ ಮುಂದ ಬೊಗಳಿದ್ರ ಏನ್ ಸವಿತದ?”

ಅದೂ ನಿಜವೇ. ಮಲ್ಲಯ್ಯನು ಮಣಿ, ಮಲ್ಲ ಎಂಬ ರಾಕ್ಷಸರ ಮೇಲೆ ಹೋದಾಗ ಜೊತೆಗಿದ್ದದ್ದು ನಾಯಿಗಳ ದಂಡು. ಅದಕ್ಕೇ ವಗ್ಗಯ್ಯಗಳು ದೇವರೆದುರು ನಾಯಿಗಳಾಗಿ ಬೊಗಳುತ್ತಾರೆ, ನೆಲಕ್ಕಿಟ್ಟ ದೋಣಿ ಎಂಬ ಪಾತ್ರೆಗೆ ಬಾಯಿ ಹಾಕಿ ಪ್ರಸಾದ ತಿನ್ನುತ್ತಾರೆ. ಸಂಕ್ರಾಂತಿಯ ಮೈಲಾಪುರ ಜಾತ್ರೆಯಲ್ಲಿ ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವುದನ್ನು ಜಿಲ್ಲಾಡಳಿತ ನಿಷೇಧಿಸಿ, ದಾರಿಯಲ್ಲಿ ಚೆಕ್‌ಪೋಸ್ಟ್ ಹಾಕಿ ಮರಿಗಳನ್ನು ಇಳಿಸಿಕೊಳ್ಳುತ್ತದೆ. ಬೊಗಳುವುದಕ್ಕೆ ಅಂಥ ತಡೆ ಇಲ್ಲ.

ಪಗಾರ ಕೊಟ್ಟು ನಾಯಿಗೆ ಜನ ಇಡುವುದು ನನ್ನ ಹೆಂಡತಿಯ ಆವಿಷ್ಕಾರವೂ ಅಲ್ಲ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 949-50ರ ಒಂದು ಶಾಸನವಿತ್ತು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಗಂಗರ ಬೂತುಗ, ಬೇಕಾದ್ದು ಕೇಳು ಅಂದರೆ, ಆತ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕಾಳಿ ಹಂದಿಯೊಡನೆ ಹೋರಾಡಿ ಸತ್ತಾಗ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಆ ಭೂಮಿ ಉಣ್ಣುವ ಗೊರವ, ಅಂದರೆ ಪೂಜಾರಿ, ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ಎಂಬ ಕರಾರೂ ಇದೆ. ಹೆಂಡತಿಯ ಎರಡು ಮಗ್ಗುಲಿನ ಹಾಳೆಯಲ್ಲಿ ಇಷ್ಟು ಬಿಗಿಯಾದ ಕಲಮು ಇರಲಿಲ್ಲ.

ಗಂಟು ಕೊಡಲು ವೈಟ್‌ಫೀಲ್ಡಿಗೆ ಹೋದೆ. ಮುತ್ಯಾನ ಮಗ ಗೇಟಿನಲ್ಲಿರಲಿಲ್ಲ. ಮೇಲಿನ ಮಹಡಿಯ ಮನೆಯವರು ವಿದೇಶಕ್ಕೆ ಹೋಗಿದ್ದಾರೆ, ಅಲ್ಲಿದ್ದಾನೆ ಅಂದರು. ಹೋದರೆ ಎಸಿ ಹಾಕಿದ ಪಡಸಾಲೆ. ಸೋಫಾದ ಮೇಲೆ ಬಂಗಾರ ಬಣ್ಣದ ಎತ್ತರದ ನಾಯಿ, ನೆಲದ ಮೇಲೆ ಅವನು. ಅವನೂ ಸಿಟ್ಟರ್. ಗಂಟು ಬಿಚ್ಚಿದ. ಕಟಕ ರೊಟ್ಟಿ, ಶೇಂಗಾ ಹಿಂಡಿ. ನಾಯಿ ಮೂಗು ಚಾಚಿತು. “ಕೊಡಬಾರದ್ರಿ ಇದಕ್ಕ. ನೋಡ್ತಿರ್ತಾರ” ಎಂದು ಮೂಲೆಯ ಕ್ಯಾಮೆರಾ ತೋರಿಸಿದ. ಆಮೇಲೆ ರೊಟ್ಟಿ ಮುರಿಯುತ್ತಾ ಹೇಳಿದ: “ಇದು ಸೀನಿದ್ರೂ ಮಾಲಕರಿಗಿ ಗೊತ್ತಾಗ್ತದ್ರಿ. ಹ್ವಾದ ಬ್ಯಾಸಗ್ಯಾಗ ಅಪ್ಪಗ ಜ್ವರ ಬಂದು ಬಿದ್ದಿದ್ದು ನನಗ ತಿಂಗಳಾದ ಮ್ಯಾಲ ಗೊತ್ತಾತು.”

ನಾನೇನೂ ಅನ್ನಲಿಲ್ಲ.

“ಈಗ ನಿಮ್ಮ ಮನ್ಯಾಗ ಮಕ್ಕೋತಾನಂತಲ್ರಿ. ಫ್ಯಾನ್ ಅದ ಏನ್ರಿ?”

“ಅದ.”

“ಹಾಲೂ ಕುಡಿಯಾಕತ್ತಾನಂತ. ಛಲೋ ಆತು ಬಿಡ್ರಿ.”

ಮಳೆ ಬಿದ್ದ ಮೇಲೆ ಊರಿಗೆ ಮರಳಿದೆವು. ಹಾಲಿನ ಎರಡು ವಾಟಗಾ ಕೊನೆಯವರೆಗೂ ನಡೆದಿತ್ತು. ಹೆಂಡತಿ ಅದನ್ನು ನಿಲ್ಲಿಸಲು ಹೇಳಿರಲಿಲ್ಲ, ನಾನೂ ನೆನಪಿಸಿರಲಿಲ್ಲ. ಕೊತ್ವಾಲ ನಮ್ಮನ್ನು ಕಂಡು ಮನಸಾರೆ ಬೊಗಳಿದ. ಬೊಗಳಿದ್ದು ನೋಡಿದರೆ ಗುರುತು ಹಿಡಿದಿರಲಿಲ್ಲ. ಮುತ್ಯಾನ ಪಗಾರ ಎಣಿಸಿ ಕೊಟ್ಟೆ. ತೆಗೆದುಕೊಂಡು ರುಮಾಲಿನಲ್ಲಿಟ್ಟುಕೊಂಡ. ಆದರೆ ಏಳಲಿಲ್ಲ.

“ಪಾಲಿಂದು ಉಳಿತ್ರಿ ಮಾಸ್ತರ.”

ಹಿತ್ತಲಿಗೆ ಕರೆದೊಯ್ದ. ಹತ್ತಿಕಟ್ಟಿಗೆಯ ಬಣವಿಯ ಬುಡದಲ್ಲಿ ಓಣಿಯ ಕೆಂದ ನಾಯಿ ಮಲಗಿತ್ತು, ಮಗ್ಗುಲಲ್ಲಿ ನಾಲ್ಕು ಮರಿ. ಮೂರರ ಎಡಗಿವಿ ಕೊತ್ವಾಲನದರಂತೆಯೇ ಮಡಚಿತ್ತು. ನಾಲ್ಕನೆಯದರ ಬಗ್ಗೆ ಮುತ್ಯಾ ಚರ್ಚೆಗೆ ಎಡೆ ಕೊಡಲಿಲ್ಲ.

“ಎರಡು ನಿಮ್ಮವು, ಎರಡು ನನ್ನವು. ನನ್ನವೆರಡೂ ಇಲ್ಲೇ ಇರ್ಲಿ, ಪಡಸಾಲ್ಯಾಗ. ಮುಂದಿನ ಸಲ ಬೆಂಗಳೂರಿಗಿ ಹೋಗುವಾಗ ಮೂರು ನಾಯಿ ಪಗಾರ ಹಿಡೀರಿ. ನನ್ನವಕ್ಕ ಏನೂ ಬ್ಯಾಡ್ರಿ.”

ಹೆಂಡತಿ ಆಗಲೇ ಹಾಲು ಕಾಸಲು ಒಳಗೆ ಹೋಗಿದ್ದಳು.