ಉಲ್ಲೇಖಮೀಮಾಂಸೆ: ಡೊಂಬಿವಲಿ ನೆಲೆಯಿಂದ ಒಂದು ತೌಲನಿಕ ಅಧ್ಯಯನ

0. ಪ್ರವೇಶಿಕೆ

ಉಲ್ಲೇಖವೆಂಬ ಸಂಕಥನದ ಬಹುಮುಖಿ ಆಯಾಮಗಳನ್ನು ಮುಂಬಯಿಯ ಮಧ್ಯ ರೈಲ್ವೆಯ ಉಪನಗರೀಯ ಪರಿಪ್ರೇಕ್ಷ್ಯದಲ್ಲಿಟ್ಟು ತಾತ್ವಿಕ ಅನುಸಂಧಾನಕ್ಕೆ ಒಳಪಡಿಸುವ ವಿನಮ್ರ ಪ್ರಯತ್ನ ಇದು. ವಿನಮ್ರತೆಗೆ ಆಕರ ಸಿಕ್ಕಿಲ್ಲ. ಉಳಿದ ಯಾವ ಮಾತನ್ನೂ ಆಕರವಿಲ್ಲದೆ ಆಡುವುದಿಲ್ಲವೆಂದು ಪ್ರಮಾಣ ಮಾಡುತ್ತೇನೆ. ಹಿಂದೊಮ್ಮೆ ಒಂದು ಸಂಶೋಧನಾ ಪತ್ರಿಕೆಗೆ ಕಳಿಸಿದ ಲೇಖನದಲ್ಲಿ ‘ಬೆಳಗ್ಗೆ ಎಂಟರ ಹೊತ್ತಿಗೆ ಡೊಂಬಿವಲಿ ಲೋಕಲ್‌ನಲ್ಲಿ ಕಾಲೂರಲೂ ಜಾಗವಿರುವುದಿಲ್ಲ’ ಎಂದು ಬರೆದಿದ್ದೆ. ಅಂಚಿನಲ್ಲಿ ಕೆಂಪಕ್ಷರದಲ್ಲಿ ‘ಆಕರ?’ ಅಂತ ಬಂತು. ಆಕರ ನನ್ನ ಎಡಗಾಲಿನ ಕಿರುಬೆರಳು. ಅದಕ್ಕೆ ಪ್ರಕಾಶಕರಿಲ್ಲ.

1. ವರ್ಗೀಕರಣ

1.1 ಸ್ಲೋ ಶೈಲಿ. ಡೊಂಬಿವಲಿ ಬಿಟ್ಟರೆ ಕೋಪರ್, ದಿವಾ, ಮುಂಬ್ರಾ, ಕಳವಾ, ಹೀಗೆ ಪ್ರತಿ ನಿಲ್ದಾಣದಲ್ಲೂ ನಿಂತು ಅಡಿಟಿಪ್ಪಣಿಗೆ ಇಳಿದು ಮತ್ತೆ ಹತ್ತುವ ಪದ್ಧತಿ. 1906ರಲ್ಲಿ ಮೊದಲು ಅಚ್ಚಾದ ಶಿಕಾಗೊ ಕೈಪಿಡಿ ಇದರ ಮೂಲಗ್ರಂಥ. ಪುಟದ ಮೇಲ್ಭಾಗದಲ್ಲಿ ಎರಡು ಸಾಲು ವಿಚಾರ, ಕೆಳಗೆ ಮೂವತ್ತು ಸಾಲು ‘ಅದೇ’, ‘ಅದೇ’, ‘ಪೂರ್ವೋಕ್ತ’, ‘ಅದೇ’. 2017ರ ಆವೃತ್ತಿ ಆ ‘ಅದೇ’ಯನ್ನೂ ಆದಷ್ಟು ಬಿಡಿ ಅಂದಿತು. ಅದೊಂದರ ಬಲದಿಂದಲೇ ಪ್ರಬಂಧದ ಗಾತ್ರ ಹಿಗ್ಗಿಸಿದ್ದವರ ಗತಿ ಏನಾಗಬೇಕು?

1.2 ಫಾಸ್ಟ್ ಶೈಲಿ. ಠಾಣೆ, ಘಾಟ್‌ಕೋಪರ್, ಕುರ್ಲಾ, ದಾದರ್. ಆವರಣ ಚಿಹ್ನೆಯೊಳಗೆ ಕುಲನಾಮ ಮತ್ತು ಇಸವಿ ತುರುಕಿ ಮುಂದಕ್ಕೋಡುವುದು. 1881ರಲ್ಲಿ ಹಾರ್ವರ್ಡಿನ ಪ್ರಾಣಿಶಾಸ್ತ್ರಜ್ಞ ಎಡ್ವರ್ಡ್ ಲಾರೆನ್ಸ್ ಮಾರ್ಕ್ ಚಿಪ್ಪಿಲ್ಲದ ಬಸವನಹುಳುವಿನ ಮೊಟ್ಟೆಗಳ ಮೇಲೆ ಬರೆದ ಲೇಖನದಲ್ಲಿ ಈ ಪದ್ಧತಿ ಬಳಸಿದ. ಪ್ರಕೃತಿ ಆ ಹುಳುವಿಗೆ ಕೊಡದೆ ಹೋದ ಚಿಪ್ಪನ್ನು ವಿದ್ವಾಂಸರಿಗೆ ತೊಡಿಸಿದ ಪುಣ್ಯಾತ್ಮ. ಅಮೆರಿಕದ ಮನಶ್ಶಾಸ್ತ್ರಜ್ಞರ ಎಪಿಎ ಶೈಲಿ ಇದೇ ಹಳಿಯ ಮೇಲಿನ ಇನ್ನೊಂದು ಗಾಡಿ. 1929ರಲ್ಲಿ ಏಳು ಪುಟವಿದ್ದ ಆ ನಿಯಮಾವಳಿ ಈಗ ನಾನೂರು ಪುಟ ದಾಟಿದೆ.

1.3 ನವಿ ಮುಂಬಯಿ ಶೈಲಿ. ಹೆಸರೇ ಇಲ್ಲ, ಬರೀ ಸಂಖ್ಯೆ. 1978ರಲ್ಲಿ ವೈದ್ಯಕೀಯ ಪತ್ರಿಕೆಗಳ ಸಂಪಾದಕರು ವ್ಯಾಂಕೂವರಿನಲ್ಲಿ ಸೇರಿ ಈ ಪದ್ಧತಿಗೆ ಮುದ್ರೆಯೊತ್ತಿದರು. ನವಿ ಮುಂಬಯಿ ಕಟ್ಟಿದ ನಮ್ಮ ಸಿಡ್ಕೋ 1970ರಲ್ಲೇ ಹುಟ್ಟಿತ್ತು ಎಂಬುದನ್ನು ಪಾಶ್ಚಾತ್ಯ ವಿದ್ವಾಂಸರು ಬೇಕೆಂದೇ ಮರೆಮಾಚಿದ್ದಾರೆ. ‘ವಾಶಿ, ಸೆಕ್ಟರ್ 17’ ಎಂಬಲ್ಲಿ ಒಂದು ಕೇರಿಯ ಹೆಸರಿದೆಯೆ, ಆಲದ ಮರವಿದೆಯೆ? ಹದಿನೇಳನೆಯದು, ಅಷ್ಟೆ. ಎದೆನೋವಿನ ಮೇಲೆ ಬರೆದವನೂ ಹದಿನೇಳನೆಯವನು.

1.4 ರಿಟರ್ನ್ ಶೈಲಿ. ಸಿಎಸ್‌ಎಂಟಿಗೆ ಹೋಗಬೇಕಾದ ಡೊಂಬಿವಲಿಗರು ಮೊದಲು ಉಲ್ಟಾ ದಿಕ್ಕಿನ ಗಾಡಿ ಹತ್ತಿ ಕಲ್ಯಾಣಕ್ಕೆ ಹೋಗಿ, ಇಳಿಯದೆ ಅಲ್ಲೇ ಕುಳಿತು, ಅದೇ ಗಾಡಿ ತಿರುಗಿದಾಗ ಕಿಟಕಿ ಸೀಟಿನಲ್ಲಿ ತಮ್ಮೂರನ್ನು ದಾಟಿ ಹೋಗುವುದುಂಟು. ವಿದ್ವತ್ತಿನಲ್ಲಿ ಇದಕ್ಕೆ ಸ್ವೋಲ್ಲೇಖ ಎನ್ನುತ್ತಾರೆ. ಹಿಂದಕ್ಕೆ ಹೋಗಿ ತನ್ನದೇ ಹಳೆಯ ಹತ್ತು ಲೇಖನ ಹೆಸರಿಸಿದವನಿಗೆ ಮುಂದೆ ಕುರ್ಚಿ ಖಚಿತ.

1.5 ಅಂಬರನಾಥ ಶೈಲಿ, ಟಿಟ್ವಾಳಾ ಉಪಶೈಲಿ ಇತ್ಯಾದಿ. ಬರೆಯಬಹುದಿತ್ತು. ಬೇಸರ ಬಂತು.

2. ಕುಲನಾಮ ಸಮಸ್ಯೆ

ಕೊನೆಯ ಪಟ್ಟಿಗೆ ಬಂದರೆ ಎಲ್ಲ ಶೈಲಿಗಳಿಗೂ ಮೊದಲು ಬೇಕಾದ್ದು ಮನುಷ್ಯನ ಹೆಸರಿನ ಬಾಲ. ಮುಂಬಯಿ ಕನ್ನಡಿಗರ ಪಟ್ಟಿ ಮಾಡಿದರೆ ಶೆಟ್ಟಿ, ಶೆಟ್ಟಿ, ಶೆಟ್ಟಿ ಎಂದು ಒಂದೂವರೆ ಪುಟ, ಬಳಿಕ ಪೂಜಾರಿಗಳು, ರಾವ್‌ಗಳು. ಇನಿಶಿಯಲ್ ನೋಡಿ ಗುರುತು ಹಿಡಿಯಬೇಕು, ಮದುವೆ ಮನೆಯಲ್ಲಿ ಚಪ್ಪಲಿ ಹುಡುಕಿದ ಹಾಗೆ. ಬಾಲವೇ ಇಲ್ಲದವರ ಕಥೆ ಬೇರೆ. ಜಿ.ಎಸ್. ಶಿವರುದ್ರಪ್ಪನವರ ಹೆಸರು ಅವರದ್ದೇ, ಕುಲದ್ದಲ್ಲ ಅಂದರೆ ನಿಯಮ ಕೇಳುವುದಿಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರರಲ್ಲಿ ಮಾಸ್ತಿ ಊರು, ವೆಂಕಟೇಶ ವ್ಯಕ್ತಿ, ಅಯ್ಯಂಗಾರ್ ಜಾತಿ. ನಿಯಮ ಊರನ್ನೂ ವ್ಯಕ್ತಿಯನ್ನೂ ಇನಿಶಿಯಲ್ ಮಾಡಿ ಜಾತಿಯನ್ನು ಮುಂದೆ ನಿಲ್ಲಿಸುತ್ತದೆ. ಇದರ ಹೆಸರು ವೈಜ್ಞಾನಿಕತೆ. ಸಲೀಸಾಗಿ ದಾಟುವವರು ದ.ರಾ. ಬೇಂದ್ರೆ. ಅವರದ್ದು ಮನೆಮಾತು ಮರಾಠಿ, ಹೆಸರಿನ ಕಟ್ಟೂ ಹಾಗೇ ಇತ್ತು.

3. ‘ಸಂ.’ ಎಂಬ ಬೀಜಾಕ್ಷರ

ಸಂ. ಅಂದರೆ ಸಂಪಾದಕ. ಸಂ. ಅಂದರೆ ಸಂಪುಟ. ಸಂ. ಅಂದರೆ ಸಂಚಿಕೆ. ಸಂ. ಅಂದರೆ ಸಂಖ್ಯೆ. ‘ಸಂ., ಸಂ. 4, ಸಂ. 2’ ಎಂಬ ಸಾಲನ್ನು ನನ್ನ ಟೈಪಿಸ್ಟ್ ಹುಡುಗಿ ಮಂತ್ರವೆಂದು ತಿಳಿದು ಮೊದಲಿಗೆ ಓಂ ಸೇರಿಸಿದ್ದಳು. ಪರಿಶೀಲಕರು ಆಕ್ಷೇಪಿಸಲಿಲ್ಲ. ಈ ಅಧ್ಯಾಯ ಇಷ್ಟೇ.

4. ಶುದ್ಧಾಶುದ್ಧ ವಿವೇಕ

ಯುಜಿಸಿ 2018ರಲ್ಲಿ ಕೃತಿಚೌರ್ಯದ ನಿಯಮ ತಂದಿತು. ಹೋಲಿಕೆ ಶೇಕಡಾ 10ರವರೆಗೆ ಇದ್ದರೆ ಶಿಕ್ಷೆಯಿಲ್ಲ. 60 ಮೀರಿದರೆ ನೋಂದಣಿಯೇ ರದ್ದು. ಕಾಕತಾಳೀಯವಾಗಿ ಸತತ 14 ಪದ ಹೊಂದಿಕೊಂಡರೆ ಮಾಫಿ. ರಾಮನಿಗೆ ವರ್ಷ ಹದಿನಾಲ್ಕು, ಸಂಶೋಧಕನಿಗೆ ಪದ ಹದಿನಾಲ್ಕು. ಉದ್ದೇಶ ಒಳ್ಳೆಯದೇ, ಕದಿಯುವವರನ್ನು ನಾನೂ ಕಂಡಿದ್ದೇನೆ. ಆದರೆ ಯುನಿಕೋಡ್ ಅಲ್ಲದ ಹಳೆಯ ‘ನುಡಿ’, ‘ಬರಹ’ ತಂತ್ರಾಂಶಗಳ ಅಕ್ಷರಗಳಲ್ಲಿ ಟೈಪಾದ ಕನ್ನಡ ಯಂತ್ರದ ಕಣ್ಣಿಗೆ ಕನ್ನಡವೇ ಅಲ್ಲ, ಕಂಪ್ಯೂಟರಿನ ಕೆಮ್ಮು. ಹೋಲಿಕೆ ಸೊನ್ನೆ, ಅಭಿನಂದನೆ. ಅಕ್ಕನ ಪ್ರಬಂಧವನ್ನು ತಂಗಿ ನುಡಿಯಲ್ಲಿ ಟೈಪ್ ಮಾಡಿದರೆ ಮೌಲಿಕ. ತನ್ನದೇ ಮಾತನ್ನು ಯುನಿಕೋಡಿನಲ್ಲಿ ಎರಡು ಸಲ ಬರೆದವನು ಕಳ್ಳ. ಕಳ್ಳತನ ಗೊತ್ತಾಗಬೇಕಾದರೆ ಆ ವಿಷಯ ಓದಿರುವ ಒಬ್ಬ ಮನುಷ್ಯ ಆ ಪ್ರಬಂಧವನ್ನು ಓದಬೇಕು. ಅದು ಆಗುತ್ತಿಲ್ಲ. ಅಲ್ಪವಿರಾಮ ಓರೆಯೋ ನೆಟ್ಟಗೋ ಎಂದು ನಾಲ್ಕು ಸಲ ತಿರುಗಿ ಬಂದ ನನ್ನ ಲೇಖನದಲ್ಲಿ ನಾನು ಹೇಳಿದ್ದು ಸರಿಯೋ ತಪ್ಪೋ ಎಂದು ಯಾರೂ ಒಂದು ಸಲ ಕೇಳಲಿಲ್ಲ. ಒಂದು ಸಲ!

ಕ್ಷಮಿಸಿ. ಪ್ರಬಂಧಕ್ಕೆ ಮರಳೋಣ.

5. ಪೂರ್ವಸೂರಿಗಳ ಅಶಿಸ್ತು

ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ತನಗಿಂತ ಹಿಂದಿನ ಗದ್ಯಕಾರರೆಂದು ವಿಮಳೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತರನ್ನು ಹೆಸರಿಸುತ್ತದೆ. ಕೃತಿಯ ಹೆಸರಿಲ್ಲ, ಇಸವಿಯಿಲ್ಲ, ಪುಟವಿಲ್ಲ, ತಿದ್ದಿ ಮರುಸಲ್ಲಿಸತಕ್ಕದ್ದು. ತಮಾಷೆ ಏನೆಂದರೆ ಅವರ ಗ್ರಂಥಗಳು ನಮಗೆ ಸಿಕ್ಕಿಲ್ಲ. ಅವರು ಕನ್ನಡದಲ್ಲಿ ಗದ್ಯ ಬರೆದಿದ್ದರು ಅನ್ನುವುದಕ್ಕೆ ಈ ಅಶಿಸ್ತಿನ ಉಲ್ಲೇಖ ಬೇಕಾಯಿತು. ಇನ್ನು ವಚನಕಾರರು ವಚನಗಳಲ್ಲಿ ಅಂಕಿತ ಇಟ್ಟರು, ನಿಜ, ಆದರೆ ಹೆಚ್ಚಿನವರು ಇಟ್ಟದ್ದು ತಮ್ಮ ಹೆಸರಲ್ಲ, ದೇವರದ್ದು. ಕೂಡಲಸಂಗಮದೇವ ಎಂಬಲ್ಲಿ ಕುಲನಾಮ ಯಾವುದು? ದೇವ ಎಂದಿಟ್ಟುಕೊಂಡು ‘ದೇವ, ಕೂ. ಸಂ.’ ಎಂದು ಬರೆದೆ. ‘ಸಂ.’ ನೋಡಿದ ಪರಿಶೀಲಕರು, ಇವರು ಯಾವುದರ ಸಂಪಾದಕರು ಅಂತ ಕೇಳಿದರು.

6. ಗ್ರಂಥಋಣ

ಇಂಗ್ಲಿಷಿನವರು ಪುಸ್ತಕಗಳ ಪಟ್ಟಿ ಅಂದದ್ದನ್ನು ನಮ್ಮ ಹಿಂದಿನವರು ಗ್ರಂಥಋಣ ಅಂದರು. ಆ ಪಟ್ಟಿಯಲ್ಲಿ ಊರಿಗೊಂದು ಜಾಗವಿತ್ತು: ಧಾರವಾಡ, ಮೈಸೂರು, ಪುತ್ತೂರು, ಮುಂಬಯಿ. ಯಾರದೋ ಬಾಡಿಗೆ ಖೋಲಿಯಲ್ಲಿ ಪ್ರೂಫ್ ತಿದ್ದಿ, ಹೆಂಡತಿಯ ಹೆಸರಿನಲ್ಲಿ ಪ್ರಕಾಶನ ಮಾಡಿ, ಐನೂರು ಪ್ರತಿ ಅಚ್ಚು ಹಾಕಿಸಿ, ಗೋಣಿಚೀಲದಲ್ಲಿ ತುಂಬಿ ಲಗೇಜ್ ಡಬ್ಬಿಯಲ್ಲಿ ಸಾಗಿಸಿದ ಪುಸ್ತಕದ ಮೇಲೂ ‘ಡೊಂಬಿವಲಿ’ ಎಂದಿರುತ್ತಿತ್ತು. ಡೊಂಬಿವ್ಲಿ, ಡೊಂಬಿವಿಲಿ, ಏನೋ ಒಂದು. ಎಂಎಲ್‌ಎ ಎಂಬ ಇನ್ನೊಂದು ಶೈಲಿಯ ಕೈಪಿಡಿ 2016ರಲ್ಲಿ ಪ್ರಕಟಣೆಯ ಸ್ಥಳ ಸಾಮಾನ್ಯವಾಗಿ ಬೇಡವೆಂದಿತು, ಎಪಿಎ 2019ರಲ್ಲಿ, ಶಿಕಾಗೊ 2024ರಲ್ಲಿ. ಲಂಡನ್, ನ್ಯೂಯಾರ್ಕ್ ಹೋದರೆ ಯಾರಿಗೇನು ನಷ್ಟ? ಹೋದದ್ದು ಡೊಂಬಿವಲಿ. ಇಲ್ಲೂ ಕೂತು ಕನ್ನಡದಲ್ಲಿ ಬರೆದರು ಅನ್ನುವುದಕ್ಕೆ ಎಷ್ಟೋ ಪಟ್ಟಿಗಳಲ್ಲಿ ಇದ್ದ ಸಾಕ್ಷಿ ಅದೊಂದೇ ಪದ.

ನಾಲ್ಕು ಸಲ ತಿರುಗಿ ಬಂದ ಆ ನನ್ನ ಲೇಖನ ಫೋರ್ಟ್ ಕಡೆಯ ಕನ್ನಡ ರಾತ್ರಿ ಶಾಲೆಗಳ ಬಗ್ಗೆ. ಅದರ ಮುಕ್ಕಾಲು ಪಾಲು ನಾಲ್ಕು ಭಾನುವಾರ ನನ್ನನ್ನು ಕೂರಿಸಿಕೊಂಡು ಮಾತಾಡಿದ ಒಬ್ಬ ಹಿರಿಯರದ್ದು. ಉಡುಪಿ ಕಡೆಯಿಂದ ಹನ್ನೆರಡನೆಯ ವಯಸ್ಸಿಗೆ ಬಂದು ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ರಾತ್ರಿ ಕನ್ನಡ ಶಾಲೆಗೆ ಹೋದವರು. ಇಡೀ ದಿನ ನೀರಿನಲ್ಲಿದ್ದ ಬೆರಳು ಬಿಳಿಚಿ ಸುಕ್ಕಾಗಿ ಪೆನ್ಸಿಲ್ ಜಾರುತ್ತಿತ್ತಂತೆ. ಒಲೆಯ ಬೂದಿ ಉಜ್ಜಿಕೊಂಡು ತರಗತಿಗೆ ಹೋಗುತ್ತಿದ್ದೆ ಎನ್ನುತ್ತ ಹೆಬ್ಬೆರಳನ್ನು ತೋರುಬೆರಳಿಗೆ ತಿಕ್ಕಿ ತೋರಿಸಿದರು. ಯಾವ ಪುಸ್ತಕದಲ್ಲೂ ನಾನು ಈ ಬೂದಿಯನ್ನು ಕಂಡಿಲ್ಲ.

ಪರಿಶೀಲಕರು ನಿಯಮ ತೋರಿಸಿದರು. ಎಪಿಎ ಪ್ರಕಾರ ಇಂಥದ್ದು ‘ವೈಯಕ್ತಿಕ ಸಂವಹನ’. ಓದುಗ ಹೋಗಿ ಮರಳಿ ಪಡೆಯಲಾರದ ಆಕರವಾದ್ದರಿಂದ ಪಠ್ಯದೊಳಗೆ ಆವರಣದಲ್ಲಿ ಹೇಳಬಹುದು, ಕೊನೆಯ ಪಟ್ಟಿಯಲ್ಲಿ ಸೇರಿಸುವಂತಿಲ್ಲ. ತಾವೇ ಓದದೆ ಬೇರೆಯವರ ಪಟ್ಟಿಯಿಂದ ಎತ್ತಿದ ನಲವತ್ತು ಇಂಗ್ಲಿಷ್ ಪುಸ್ತಕಗಳನ್ನು ಸೇರಿಸುವಂತೆ ಸಲಹೆ ಕೊಟ್ಟವರೂ ಅವರೇ. ಇದನ್ನು ಆ ಹಿರಿಯರಿಗೆ ಹೇಳಿದಾಗ ನಕ್ಕಿದ್ದರು. ‘ಎಂತ ಮಾರಾಯ, ನಂದು ಎಷ್ಟನೇ ಪುಟ ಅಂತ ಕೇಳ್ತಾರಾ?’

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಈಗ ನಿಜವಾಗಿಯೂ ಮರಳಿ ಪಡೆಯುವ ಹಾಗಿಲ್ಲ.

ಲೇಖನವನ್ನು ಐದನೆಯ ಸಲ ಕಳಿಸುತ್ತಿದ್ದೇನೆ. ಪಟ್ಟಿಯಲ್ಲಿ ಅವರನ್ನು ಸೇರಿಸಿದ್ದೇನೆ. ಅಕಾರಾದಿ ಮೀರಿ ಎಲ್ಲರಿಗಿಂತ ಮೊದಲು, ಹೆಸರನ್ನು ಹಿಂದುಮುಂದು ಮಾಡದೆ ಅವರು ಹೇಳುತ್ತಿದ್ದ ಹಾಗೆಯೇ. ಪ್ರಕಟಣೆಯ ಸ್ಥಳ: ಡೊಂಬಿವಲಿ ಪೂರ್ವ, ಎರಡನೆಯ ಮಹಡಿ, ಲಿಫ್ಟ್ ಇಲ್ಲ. ಪುಟದ ಜಾಗ ಖಾಲಿ ಬಿಟ್ಟಿದ್ದೇನೆ.