ಗೀಸರಿನ ಜಾತಕ

ಗೀಸರಿನ ಜಾತಕ ಅದರ ಮೈಮೇಲೇ ಅಂಟಿಸಿರುತ್ತದೆ: 230 ವೋಲ್ಟ್, 2000 ವ್ಯಾಟ್. ವ್ಯಾಟನ್ನು ವೋಲ್ಟಿನಿಂದ ಭಾಗಿಸಿದರೆ ಕರೆಂಟು 8.7 ಆಂಪಿಯರ್, ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ ಸುಮಾರು 26.5 ಓಮ್. ಇಷ್ಟಾದರೂ ಕೆಲವರು ಅದನ್ನು 6 ಆಂಪಿಯರಿನ ಸಣ್ಣ ಸಾಕೆಟ್ಟಿಗೇ ಸಿಕ್ಕಿಸಿ, "ಏನೋ ಸುಟ್ಟ ವಾಸನೆ ಬರ್ತಿದೆಯಲ್ರೀ" ಎಂದು ಅಡುಗೆಮನೆಯತ್ತ ಓಡುತ್ತಾರೆ!

ಬೆಳಿಗ್ಗೆ ಇಡೀ ಬೀದಿ ಸ್ನಾನಕ್ಕಿಳಿದು ವೋಲ್ಟೇಜು 180ಕ್ಕೆ ಕುಸಿಯಿತೆನ್ನಿ. ರೋಧ ಜಗ್ಗುವುದಿಲ್ಲ, ಕರೆಂಟೇ 6.8ಕ್ಕೆ ಇಳಿಯುತ್ತದೆ. ಎರಡನ್ನೂ ಗುಣಿಸಿ: ಸುಮಾರು 1225 ವ್ಯಾಟ್. ವೋಲ್ಟೇಜು ಐದರಲ್ಲೊಂದು ಪಾಲು ಹೋದರೆ, ಬಿಸಿ ಮೂರರಲ್ಲೊಂದಕ್ಕಿಂತ ಹೆಚ್ಚು ಹೋಯಿತು.

ವೋಲ್ಟನ್ನು ರೋಧದಿಂದ ಭಾಗಿಸಿದರೆ ಕರೆಂಟು ಎಂಬ ಈ ನಿಯಮವನ್ನು 1827ರಲ್ಲಿ ಪುಸ್ತಕವಾಗಿಸಿದ ಜರ್ಮನಿಯ ಮೇಷ್ಟ್ರು ಗೇಯಾರ್ಗ್ ಓಮ್‌ರನ್ನು ಕಂಡು ಅಲ್ಲಿಯ ಪಂಡಿತರು ಮೂಗು ಮುರಿದರು. ಲಂಡನ್ನಿನ ರಾಯಲ್ ಸೊಸೈಟಿ ಪದಕ ಕೊಟ್ಟಿದ್ದು 1841ರಲ್ಲಿ. ಅವರೇ ಅಷ್ಟು ಕಾದಿರುವಾಗ, ನೀರು ಕಾಯುವವರೆಗೆ ನಾವು ಕಾಯುವುದು ಯಾವ ಮಹಾ!