ಕರಾವಳಿ ಜಿಪ್ಸಿಯ ಹೀಟರ್ ಮೀಮಾಂಸೆ

ಶಾಸ್ತ್ರ ಆರಂಭಿಸುವ ಮೊದಲು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕನ್ನು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ. ಈ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ, ಸೇನೆಯ ಹರಾಜಿನ ಹಳೆ ಜಿಪ್ಸಿಯೊಂದನ್ನು ತಂದು, ಯಾಕೆ ತಂದೆ ಎಂದು ಮನೆಯವರಿಗೆ ಹೇಳಲಾಗದೆ ಅಂಗಳದಲ್ಲಿ ನಿಲ್ಲಿಸಿಕೊಂಡ ಕುಂದಾಪುರ, ಬೈಂದೂರು, ಬ್ರಹ್ಮಾವರ ಸೀಮೆಯ ಗೃಹಸ್ಥ. ವಿಷಯ, ಡ್ಯಾಶ್‌ಬೋರ್ಡಿನ ಕೆಳಗೆ ಅಡಗಿ ಕೂತ ಹೀಟರು. ಸಂಬಂಧ, ಎರಡು ರಬ್ಬರ್ ಹೋಸು. ಪ್ರಯೋಜನದ ವಿಚಾರದಲ್ಲಿ ಮಾತ್ರ ವಿದ್ವಾಂಸರು ಕೈ ಕೈ ಮಿಲಾಯಿಸಿದ್ದಾರೆ.

ಪೂರ್ವಪಕ್ಷ ಒಂದೇ ವಾಕ್ಯದ್ದು: “ಹ್ವಾಯ್, ಈ ಊರಿನ ಶೆಕೆಗೆ ಹೀಟರ್ ಎಂತಕ್ಕೆ ಮಾರಾಯ್ರೆ?” ಇದನ್ನು ಖಂಡಿಸುವುದು ಸುಲಭವಲ್ಲ. ಇಲ್ಲಿ ಚಳಿ ಎನ್ನುವುದು ಪಂಚಾಂಗದಲ್ಲಿದೆ, ಮೈಗೆ ತಾಗಿದ್ದಿಲ್ಲ. ಸಿದ್ಧಾಂತಿಗಳು ಕೊಡಚಾದ್ರಿಯತ್ತ ಬೆರಳು ತೋರಿಸುತ್ತಾರೆ. ಅದರ ಎತ್ತರ 1343 ಮೀಟರು. ಸಾವಿರ ಮೀಟರು ಏರಿದರೆ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಆದ್ದರಿಂದ ಕುಂದಾಪುರದ ಪೇಟೆಯಲ್ಲಿ 30 ಇದ್ದರೆ ಶಿಖರದಲ್ಲಿ 21ರ ಆಸುಪಾಸು. ಪೂರ್ವಪಕ್ಷಿ “ಹಾಂಗಾರೆ ಒಂದು ಸ್ವೆಟರ್ ಸಾಕಲ್ದಾ?” ಎನ್ನುತ್ತಾನೆ. ಸಾಕು. ಈ ಸುತ್ತು ಅವನದೇ.

ಇತಿಹಾಸವೂ ಅವನ ಕಡೆಗೇ ವಾಲುತ್ತದೆ. ಮಹೀಂದ್ರದವರು ವಿಲ್ಲೀಸ್ ಜೀಪುಗಳನ್ನು ಜೋಡಿಸಲು ಹೊರಟದ್ದು 1947ರಲ್ಲಿ. ಆ ವಂಶದ ಹಳೆ ಜೀಪುಗಳಲ್ಲಿ ಬಾಗಿಲಿನ ಜಾಗಕ್ಕೇ ಟರ್ಪಾಲು ನೇತಾಡುತ್ತಿದ್ದಾಗ ಒಳಗೆ ಬಿಸಿ ಕೂಡಿಡುವ ಮಾತು ಯಾರಿಗೂ ಹೊಳೆದಿರಲಾರದು. 1985ರಲ್ಲಿ ಬಂದ ಮಾರುತಿ ಜಿಪ್ಸಿಯನ್ನು ಸೇನೆ ಮೆಚ್ಚಿ ಹಿಮದ ಗಡಿಗಳಿಗೂ ಒಯ್ದಿತು. ಅಲ್ಲಿ ಸವೆದ ಗಾಡಿ ಹರಾಜಾಗಿ ಬೈಂದೂರಿನ ಗಾಳಿಮರದ ಬುಡಕ್ಕೆ ಬಂದು ನಿಂತಾಗ, ಹೀಟರು ಅದಕ್ಕೆ ಪೂರ್ವಜನ್ಮದ ವಾಸನೆಯಾಗಿ ಅಂಟಿಕೊಂಡಿರುತ್ತದೆ. ಆ ವಾಸನೆ ಸಿಹಿಯಾಗಿದ್ದು, ಕಾಲಡಿಯ ಮ್ಯಾಟು ಒದ್ದೆಯಾಗಿ, ಗಾಜಿಗೆ ಜಿಡ್ಡು ಮಂಜು ಕೂತರೆ ಜನ್ಮಾಂತರದ ಚರ್ಚೆ ನಿಲ್ಲಿಸಿ: ಕೂಲೆಂಟಿನ ಗ್ಲೈಕಾಲ್ ಒಳಗೆ ಸೋರುತ್ತಿದೆ.

ಇನ್ನು ತತ್ತ್ವ. ಎಂಜಿನ್ನಿನ ಬಿಸಿನೀರು ಒಂದು ಹೋಸಿನಲ್ಲಿ ಬಂದು, ಹೀಟರೊಳಗಿನ ಪುಟ್ಟ ರೇಡಿಯೇಟರನ್ನು ಹಾದು, ಇನ್ನೊಂದರಲ್ಲಿ ವಾಟರ್ ಪಂಪಿಗೆ ಮರಳುತ್ತದೆ. ಬ್ಲೋವರು ಅದರ ಮೇಲೆ ಗಾಳಿ ಊದುತ್ತದೆ. ನಡುವಿನ ವಾಲ್ವನ್ನು ಒಂದು ಕೇಬಲ್ ಎಳೆಯುತ್ತದೆ. ಇಷ್ಟೇ. ಬೆಂಕಿಯಿಲ್ಲ, ಕಾಯಿಲ್ ಕೆಂಪಗೆ ಕಾಯುವುದಿಲ್ಲ. ಎಂಜಿನ್ನು ಹೇಗೂ ಚೆಲ್ಲುವ ಬಿಸಿಯಲ್ಲಿ ಒಂದು ಪಾಲು. ಮಧ್ವರ ಜಿಲ್ಲೆಯಾದ್ದರಿಂದ ಇಲ್ಲಿ ಭೇದ ಹಿಡಿಯುವ ಪರೀಕ್ಷೆಯೇ ಶ್ರೇಷ್ಠ. ಎಂಜಿನ್ನು ಕಾದ ಮೇಲೆ ಲಿವರನ್ನು ಬಿಸಿಗೆ ತಳ್ಳಿ, ಫ್ಯಾನಿಗೂ ಬೆಲ್ಟಿಗೂ ಕೈ ತಾಗದಂತೆ, ಎರಡೂ ಹೋಸುಗಳನ್ನು ಮೆಲ್ಲ ಮುಟ್ಟಬೇಕು. ಎರಡೂ ಬಿಸಿಯಿದ್ದರೆ ನೀರು ಹರಿಯುತ್ತಿದೆ, ದೋಷ ಗಾಳಿಯ ಕಡೆ. ಒಂದು ಬಿಸಿ, ಒಂದು ತಣ್ಣಗೆ ಎಂಬ ಭೇದ ಕಂಡರೆ ವಾಲ್ವು ಜಡಗಟ್ಟಿದೆ, ಇಲ್ಲವೇ ಒಳಗೆ ಕೆಸರು ಕಟ್ಟಿದೆ. ಎರಡೂ ಉಗುರುಬೆಚ್ಚಗಿದ್ದು, ಮೀಟರಿನ ಮುಳ್ಳೂ ಮೇಲೇಳದಿದ್ದರೆ ಥರ್ಮೋಸ್ಟಾಟು ತೆರೆದೇ ಉಳಿದಿದೆ. ಅಥವಾ ಹಿಂದಿನ ಮಾಲೀಕರು ಅದನ್ನು ಕಿತ್ತೆಸೆದಿದ್ದಾರೆ. ನಮ್ಮಲ್ಲಿ ಎರಡನೆಯದೇ ಹೆಚ್ಚು.

ಗಾಳಿಯ ಕಡೆಯ ದೋಷಕ್ಕೆ ಗಾಳಿಮರದ ಸೂಜಿ ಎಲೆಗಳೇ ಮೂಲ. ವೈಪರಿನ ಬುಡದ ಜಾಲರಿಯಿಂದ ಇಳಿದು ಬ್ಲೋವರಿನಲ್ಲಿ ಹಾಸಿಗೆ ಹಾಸಿರುತ್ತವೆ. ಇಲಿ ಅದಕ್ಕೆ ಬಾಡಿಗೆಗೆ ಬಂದಿರುತ್ತದೆ. ಬ್ಲೋವರು ಜೋರಿನಲ್ಲಿ ಮಾತ್ರ ತಿರುಗಿ, ನಿಧಾನದಲ್ಲಿ ಸತ್ತಿದ್ದರೆ ಮೋಟಾರು ಬದಲಿಸಲು ಓಡಬೇಡಿ, ರೆಸಿಸ್ಟರು ಸುಟ್ಟಿರುತ್ತದೆ. ಏನೂ ತಿರುಗದಿದ್ದರೆ ಫ್ಯೂಸು ನೋಡಿ, ಉಪ್ಪುಗಾಳಿ ತಿಂದ ಅರ್ಥಿಂಗ್ ವಯರು ನೋಡಿ.

ಕೆಸರಿನ ಮೂಲ ಧರ್ಮಸೂಕ್ಷ್ಮದ್ದು. ಕೂಲೆಂಟು ಹಾಕಬೇಕಾದ ಜಾಗಕ್ಕೆ ಬಾವಿಯದೋ ತೋಡಿನದೋ ನೀರು ಸುರಿಯುವುದು ನಮ್ಮಲ್ಲಿ ಪುಣ್ಯಕಾರ್ಯ. ಕಡಲಂಚಿನ ಬಾವಿಯಲ್ಲಿ ಬೇಸಗೆಗೆ ಉಪ್ಪೂ ಏರುತ್ತದೆ. ಎರಡೂ ಹೋಸು ಬಿಚ್ಚಿ, ನೀರು ಮರಳುವ ಕಡೆಯಿಂದ ತೋಟದ ಪೈಪಿನಲ್ಲಿ ಮೆಲ್ಲಗೆ ನೀರು ಬಿಟ್ಟರೆ ಮುರಕಲ್ಲಿನ ಬಣ್ಣದ ಗತವೈಭವ ಹೊರಬರುತ್ತದೆ. ಒತ್ತಡ ಹೆಚ್ಚಿಸಿದರೆ ಪುಟ್ಟ ರೇಡಿಯೇಟರೂ ಜೊತೆಗೆ ಮೋಕ್ಷ ಹೊಂದೀತು. ಮತ್ತೆ ಕೂಲೆಂಟು ತುಂಬುವಾಗ ಒಳಗೆ ಸಿಕ್ಕಿದ ಗಾಳಿ ಹೊರಗೆ ಹೋಗಲು ಮೂತಿ ಮೇಲಾಗಿ ನಿಲ್ಲಿಸಬೇಕು. ಬೈಂದೂರಿನವರಿಗೆ ಒತ್ತಿನೆಣೆಯ ಏರು ಇದೆ. ಗದ್ದೆಬಯಲಿನ ಬ್ರಹ್ಮಾವರದವರು ಏರನ್ನು ಹುಡುಕಿಕೊಂಡು ಹೋಗಬೇಕು. ಚಕ್ರಕ್ಕೆ ಅಡ್ಡ ಕೊಟ್ಟು, ತಣ್ಣಗಿರುವಾಗಲೇ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿ, ಗುಳ್ಳೆ ನಿಲ್ಲುವವರೆಗೆ ತುಂಬುತ್ತಿರಬೇಕು.

ಇಷ್ಟೆಲ್ಲ ಓದಿದ ಮೇಲೂ ಗ್ಯಾರೇಜಿನ ಸಂಪ್ರದಾಯ ಬೇರೆ. “ಅದ್ ಬ್ಯಾಡ, ಬೈಪಾಸ್ ಮಾಡಿ ಬಿಡ್ವ” ಎನ್ನುತ್ತಾರೆ ಗುರುಗಳು. ಎರಡು ಹೋಸುಗಳ ತುದಿಗೆ ಒಂದು ತುಂಡು ಪೈಪು ಸಿಕ್ಕಿಸಿದರೆ ಹೀಟರು ಸಂಸಾರದಿಂದ ಮುಕ್ತ. ಪೂರ್ತಿ ಮುಚ್ಚದ ವಾಲ್ವು ಏಪ್ರಿಲ್‌ನಲ್ಲಿ ಕಾಲನ್ನು ಬೇಯಿಸುವಾಗ ಈ ಮತಕ್ಕೆ ಶಿಷ್ಯರು ಸಹಜವಾಗಿ ಹೆಚ್ಚು. ಜೂನ್ ಬರುತ್ತಲೇ ಅದು ಕುಸಿಯುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರು ದಾಟುವ ಆಗುಂಬೆಯ ಮಳೆ ಎದುರಿಗೆ ಬಂದಾಗ, ಮುಚ್ಚಿದ ಗಾಡಿಯೊಳಗೆ ಆರು ಮಂದಿಯ ಉಸಿರು ಗಾಜಿನ ಮೇಲೆ ಕೂರುತ್ತದೆ. ಬನಿಯನ್ ತುಂಡಿನಿಂದ ಒರೆಸಿದಷ್ಟೂ ಮತ್ತೆ ಕೂರುತ್ತದೆ. ಎಸಿ ಇಲ್ಲದ ಗಾಡಿಯಲ್ಲಿ ಗಾಜನ್ನು ಬೆಚ್ಚಗಾಗಿಸಿ ಆ ಮಂಜನ್ನು ಓಡಿಸುವುದು ಹೀಟರೇ. ಹೊರಗಿನ ಗಾಳಿಯ ಕಿಂಡಿ ಮಾತ್ರ ತೆರೆದಿರಬೇಕು.

ಬಾಳೆಬರೆ ಘಾಟಿಯಲ್ಲಿ ಪೂರ್ವಪಕ್ಷಕ್ಕೆ ಕೊನೆಯ ಪೆಟ್ಟು. ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿ ಇರಬೇಕೆಂಬುದು ತಾರ್ಕಿಕರ ಹಳೆಯ ಉದಾಹರಣೆ. ಆವಿಯನ್ನು ಹೊಗೆಯೆಂದು ತಿಳಿದು ಬೆಂಕಿ ಊಹಿಸುವುದು ದೋಷವೆಂದೂ ಅವರೇ ಹೇಳಿದ್ದಾರೆ. ಬಾನೆಟ್ಟಿನಿಂದ ಏಳುವುದು ಆವಿ; ಆದರೂ ಕೆಲವರು ಬೆಂಕಿಯೆಂದು ಹಾರಿ, ಕೆಲವರು ಧೈರ್ಯದಿಂದ ರೇಡಿಯೇಟರಿನ ಮುಚ್ಚಳ ತಿರುಗಿಸಿ ಮುಖ ಸುಟ್ಟುಕೊಳ್ಳುತ್ತಾರೆ. ತಾರ್ಕಿಕನಾದವನು ಆವಿ ಏಳುವ ಮೊದಲೇ, ಮುಳ್ಳು ಕೆಂಪಿನತ್ತ ಸರಿಯುವಾಗ, ಹೀಟರನ್ನು ಪೂರ್ತಿ ಬಿಸಿಗೆ, ಬ್ಲೋವರನ್ನು ಪೂರ್ತಿ ಜೋರಿಗೆ ಇಡುತ್ತಾನೆ. ಕೂಲೆಂಟು ಇದ್ದರೆ ಹೀಟರು ಎರಡನೆಯ ರೇಡಿಯೇಟರಾಗಿ ಎಂಜಿನ್ನಿನ ಬಿಸಿಯನ್ನು ಗಾಡಿಯೊಳಕ್ಕೆ ಸುರಿಯುತ್ತದೆ. ಮುಳ್ಳು ಆದರೂ ಇಳಿಯದಿದ್ದರೆ ಬದಿಗೆ ನಿಲ್ಲಿಸಿ, ಎಂಜಿನ್ನು ಆರಿಸಿ, ತಣಿಯುವವರೆಗೆ ಮುಚ್ಚಳ ಮುಟ್ಟದಿರುವುದೇ ಶಾಸ್ತ್ರ.

ಕಿಟಕಿ ಇಳಿಸಿದರೂ ಮುಂದಿನ ಸೀಟಿನವರ ಪಾದ ಮಾತ್ರ ಬೇಯುತ್ತದೆ. ಆ ಸೀಟು ಬಾವನಿಗೆ ಮರ್ಯಾದೆಯ ಸೀಟೋ ಪ್ರಾಯಶ್ಚಿತ್ತದ ಸೀಟೋ ಎಂಬ ಪ್ರಶ್ನೆಯನ್ನು ಈ ವರ್ಷ ಹೊಸಂಗಡಿಯಲ್ಲಿ ಚಹಾಕ್ಕೆ ನಿಲ್ಲಿಸಿದಾಗ ಎತ್ತಿಕೊಳ್ಳಲಾಗುವುದು. ಬಾವ ಈಗಾಗಲೇ ಹಿಂದಕ್ಕೆ ಹತ್ತಿ ಕೂತಿದ್ದಾರೆ.